ಲೈಟು ಬೇಕಾ, ಕಾರ್ಡು ಬೇಕಾ?

ಅಕ್ಕ ಶಿವಮೊಗ್ಗದಿಂದ ಫೋನ್ ಮಾಡಿ, "ಲೋ, ಇವನಿಗೊಂದು ಕಂಪ್ಯೂಟರ್ ಕೊಡಿಸು. ಅರವತ್ತು ಸಾವಿರ ಹಾಕ್ತೀನಿ, ಮೇಲೆ ಒಂದು ರೂಪಾಯಿ ಕೇಳಬೇಡ" ಅಂದಳು. ಓದೋಕೆ ಅಂತ ಅವಳ ಲೆಕ್ಕ. ಅಷ್ಟರಲ್ಲಾಗಲೇ ಅವಳ ಮಗ, ನನ್ನ ಅಳಿಯ, ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದ. ಗಾಜಿನ ಕ್ಯಾಬಿನೆಟ್, ಬಣ್ಣ ಬಣ್ಣದ ಲೈಟಿನ ಆರು ಆರ್‌ಜಿಬಿ ಫ್ಯಾನ್, ಲೈಟ್ ಇರೋ ರ‍್ಯಾಮ್, ಪ್ರೊಸೆಸರನ್ನು ನೀರಿನಿಂದ ತಣ್ಣಗಿಡೋ ವಾಟರ್ ಕೂಲರ್. ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಎದುರಿಗೆ ಮಾತ್ರ "ಉಳಿದ ದುಡ್ಡಿಗೆ ಬರೋದು" ಅಂತ ಬರೆದಿದ್ದ.

2023ರ ಡಿಸೆಂಬರ್. ಭಾನುವಾರ, ಕಂಪ್ಯೂಟರ್ ಸಾಮಾನು ಸಿಗುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹಾಗಾಗಿ ಶನಿವಾರವೇ ಹೋದೆವು. ಟೌನ್ ಹಾಲ್ ಹತ್ತಿರ ಬಸ್ ಇಳಿದು ನಡೆಯುವಾಗಲೇ ಅವನಿಗೆ ಹೇಳಿದೆ, ಮೊದಲು ಕಾರ್ಡು, ಆಮೇಲೆ ಲೈಟು. ಆಟದಲ್ಲಿ ಫ್ರೇಮ್ ಓಡಿಸುವುದು ಫ್ಯಾನಿನ ಬಣ್ಣ ಅಲ್ಲವಲ್ಲ. ಅವನು ಹೂಂ ಅಂದ, ಮುಖ ಮಾತ್ರ ಹೂಂ ಅನ್ನಲಿಲ್ಲ.

ಆರ್‌ಎಕ್ಸ್ 6600, 8 ಜಿಬಿ ಕಾರ್ಡು, ಇಪ್ಪತ್ತೂವರೆ ಸಾವಿರ. ಮೂರರಲ್ಲೊಂದು ಪಾಲು ಅಲ್ಲೇ ಹೋಯಿತು. ಪ್ರೊಸೆಸರ್ ರೈಜನ್ 5 5600. ಅದರ ಡಬ್ಬದಲ್ಲೇ ಕೂಲರ್ ಬರುತ್ತದೆ, 65 ವ್ಯಾಟ್ ಚಿಪ್ಪಿಗೆ ಅದೇ ಸಾಕು, ಹಾಗಾಗಿ ವಾಟರ್ ಕೂಲರ್ ಪಟ್ಟಿಯಿಂದ ಔಟ್. ಎಲ್ಲ ಭಾಗಗಳನ್ನೂ ಕೂರಿಸುವ ಮದರ್ ಬೋರ್ಡಿನಲ್ಲೂ ಉಳಿಸೋಣ ಅಂತ ಬಿ450 ತಗೊಂಡೆ. ಅದು ಈ ಚಿಪ್ಪಿಗಿಂತ ಹಳೇ ಕಾಲದ್ದು. ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ, ಅಂದರೆ ಬಯೋಸ್, ಹಳೆಯದಿದ್ದರೆ ಪ್ರೊಸೆಸರನ್ನು ಗುರುತೇ ಹಿಡಿಯುವುದಿಲ್ಲ. ಅಂಗಡಿಯವರಿಗೆ ಹೇಳಿ ನಮ್ಮ ಕಣ್ಣೆದುರೇ ಅಪ್‌ಡೇಟ್ ಮಾಡಿಸಿಕೊಂಡೆ. ಅರ್ಧ ಗಂಟೆ ಹಿಡಿಯಿತು, ಎರಡು ಟೀ ಆದವು.

ನಿಜವಾದ ಜಗಳ ಆಗಿದ್ದು ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ, ಎಸ್‌ಎಂಪಿಎಸ್ ಹತ್ತಿರ. ಇನ್ನೊಂದು ಅಂಗಡಿಯಲ್ಲಿ ಫಳಫಳ ಹೊಳೆಯುವ ಕ್ಯಾಬಿನೆಟ್ ಜೊತೆ 500 ವ್ಯಾಟಿನ ಎಸ್‌ಎಂಪಿಎಸ್ ಫ್ರೀ ಅಂದರು. ಅಳಿಯನ ಕಣ್ಣು ಅರಳಿತು. ಕೈಗೆ ತಗೊಂಡು ನೋಡಿದೆ, ಊಟ ಮುಗಿಸಿದ ಟಿಫನ್ ಡಬ್ಬಿಯಷ್ಟು ಹಗುರ. ಅವನ ಕೈಗೂ ಕೊಟ್ಟೆ. ಇನ್ನೊಂದು ಕೈಗೆ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ದಕ್ಷತೆಯ ಮುದ್ರೆ ಇರುವ ಒಂದನ್ನು ಕೊಟ್ಟೆ. ತೂಕವೊಂದೇ ಪರೀಕ್ಷೆ ಅಲ್ಲ ಬಿಡಿ, ಆದರೂ ಅವನು ಎರಡೂ ಕೈ ನೋಡಿಕೊಂಡು ಸುಮ್ಮನಾದ. ಹತ್ತು ವರ್ಷದ ಹಿಂದೆ ಇಂಥದ್ದೇ ಒಂದು ಫ್ರೀ ಡಬ್ಬ ಮಳೆಗಾಲದ ರಾತ್ರಿ ಟಪ್ ಅಂದು, ಹೋಗುವಾಗ ನನ್ನ ಹಾರ್ಡ್ ಡಿಸ್ಕನ್ನೂ, ಅದರಲ್ಲಿದ್ದ ಅಕ್ಕನ ಮದುವೆ ಫೋಟೋಗಳನ್ನೂ ಜೊತೆಗೆ ಕರಕೊಂಡು ಹೋಗಿತ್ತು. ಆ ಕಥೆ ಅಕ್ಕನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಕೊನೆಗೆ ಬಂದ ಕ್ಯಾಬಿನೆಟ್ ಕಪ್ಪು, ಮುಂದೆ ಜಾಲರಿ, ಲೈಟ್ ಇಲ್ಲದ ಎರಡು ಫ್ಯಾನ್. "ಅಜ್ಜಿ ಬೀರು ಥರ ಇದೆ ಮಾಮ" ಅಂದ. ರ‍್ಯಾಮ್, ಎಸ್‌ಎಸ್‌ಡಿ, 24 ಇಂಚಿನ ಮಾನಿಟರ್ ಎಲ್ಲ ಸೇರಿ ಜಿಎಸ್‌ಟಿ ಬಿಲ್ ಸಮೇತ ಸರಿಯಾಗಿ ಅರವತ್ತಕ್ಕೆ ಬಂತು. ಬಿಲ್ ಬೇಡ ಅಂದರೆ ಕಮ್ಮಿ ಮಾಡ್ತೀವಿ ಅಂದವರೂ ಇದ್ದರು. ನಾಳೆ ವಾರಂಟಿಗೆ ಓಡುವವನು ನಾನೇ ತಾನೇ. ಕೀಬೋರ್ಡು, ಮೌಸು ನಮ್ಮ ಮನೆಯ ಹಳೆಯವು.

ರಾತ್ರಿ ಊಟದ ಟೇಬಲ್ ಮೇಲೆ ಜೋಡಿಸಿದೆವು. ಕೂಲರಿನ ಸ್ಕ್ರೂ ಅವನೇ ಹಾಕಿದ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಉಸಿರು ಹಿಡಿದು. ಹನ್ನೊಂದೂವರೆಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ. ಕಾರ್ಡ್ ತೆಗೆದು ಹಾಕಿದೆ. ಬಯೋಸ್ ಕೈಕೊಟ್ಟಿತೇನೋ ಅಂತ ಅಂಗಡಿಯವರನ್ನು ಮನಸ್ಸಲ್ಲೇ ಬೈದೆ. ಒಂದು ಗಂಟೆ ಹೊತ್ತಿಗೆ ಅಳಿಯ ಹಿಂದೆ ಬಗ್ಗಿ ನೋಡಿ ಮೆಲ್ಲಗೆ ಕೇಳಿದ, "ಮಾಮ, ಈ ಪ್ರೊಸೆಸರಿನಲ್ಲಿ ಡಿಸ್‌ಪ್ಲೇ ಇಲ್ಲ, ಚಿತ್ರ ಕಾರ್ಡಿನಿಂದಲೇ ಬರಬೇಕು ಅಂತ ಬೆಳಗ್ಗೆ ನೀನೇ ಹೇಳಿದ್ದೆ ಅಲ್ವಾ? ಮತ್ತೆ ಮಾನಿಟರಿನ ಎಚ್‌ಡಿಎಂಐ ಕೇಬಲ್ ಬೋರ್ಡಿಗೆ ಯಾಕೆ ಚುಚ್ಚಿದ್ದೀಯ?"

ಕೇಬಲ್ಲನ್ನು ಕಾರ್ಡಿಗೆ ಬದಲಾಯಿಸಿದ. ಪರದೆ ಬೆಳಗಿತು. ಬೆಳಗ್ಗೆ ಅಕ್ಕ ಫೋನ್ ಮಾಡಿದಾಗ ಅವಳ ಮೊದಲ ಮಾತೇ, "ಏನೋ, ರಾತ್ರಿ ವೈರ್ ತಪ್ಪು ಹಾಕಿದ್ಯಂತೆ?"