ಒಂದೇ ಡಬ್ಬಿಯಿಂದ ಎಲ್ಲರಿಗೂ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಕೈ ತೊಳೆದು ಬರುವ ಹೊತ್ತಿಗೆ ಬಾಗಿಲ ಹತ್ತಿರ ಐಸ್‌ಕ್ರೀಮ್ ಕಪ್ ಹಂಚುತ್ತಿದ್ದರು. ಮಕ್ಕಳೆಲ್ಲ ಮುಗಿಬಿದ್ದರು. ನನ್ನ ಮಗ ಆ ಕಡೆ ಹೋಗಲೇ ಇಲ್ಲ. ಅವನಿಗೆ ಆಗ ಇನ್ನೂ ಆರು ತುಂಬಿರಲಿಲ್ಲ. ಎಲೆ ಅಡಿಕೆ ಇಟ್ಟಿದ್ದ ತಟ್ಟೆಯಿಂದ ನಾಲ್ಕು ಕಲ್ಲುಸಕ್ಕರೆ ಆರಿಸಿಕೊಂಡು ಬಂದು, "ನಂಗಿದು ಸಾಕಮ್ಮ" ಅಂದ. ಹಠ ಮಾಡಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಅಷ್ಟು ಸಣ್ಣ ಮಗು ಸುಮ್ನೆ ಹೊಂದಿಕೊಂಡು ಬಿಟ್ಟಿತ್ತಲ್ಲ, ಅದನ್ನು ನೋಡಿ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಅವನಿಗೆ ಹಾಲಿನ ಅಲರ್ಜಿ. ಎಂಟು ತಿಂಗಳ ಮಗುವಿದ್ದಾಗ ರಾಗಿ ಸರಿಗೆ ಎರಡು ಚಮಚ ಹಸುವಿನ ಹಾಲು ಬೆರೆಸಿ ತಿನ್ನಿಸಿದ್ದೆ. ಅರ್ಧ ಗಂಟೆಯೊಳಗೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿಕೊಂಡಿತು. ಹಾಲು ಜೀರ್ಣ ಆಗದೆ ಹೊಟ್ಟೆ ಕೆಡುವುದು ಬೇರೆ, ಇದು ಬೇರೆ, ಇವನಿಗೆ ಹಾಲಿನಲ್ಲಿರುವ ಪ್ರೋಟೀನೇ ಆಗುವುದಿಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಮೊಸರು, ಬೆಣ್ಣೆ, ತುಪ್ಪ, ಪೇಡ ಯಾವುದೂ ಇಲ್ಲ. ನಾವಿರುವುದು ದಾವಣಗೆರೆಯಲ್ಲಿ. ಬೀದಿಗೊಂದು ಬೆಣ್ಣೆ ದೋಸೆ ಹೋಟೆಲ್ ಇರುವ ಊರು. ಹೊರಗೆ ಹೋದರೆ ಅವನಿಗೆ ಮಿರ್ಚಿ ಮಂಡಕ್ಕಿಯೇ ಗತಿ. ಅದೂ ಖಾರ.

ಬೇಸಿಗೆಯಲ್ಲಿ ಕಷ್ಟ ಇನ್ನೂ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ತಾರಸಿ ಮೇಲೆ ಕಾಲಿಡುವ ಹಾಗಿರುವುದಿಲ್ಲ. ಮಕ್ಕಳಿಗೆ ತಣ್ಣಗೆ ಏನಾದರೂ ಬೇಕು ಅನ್ನಿಸುವುದು ಸಹಜ ಅಲ್ವಾ? ಒಂದು ಸಲ ಅಂಗಡಿಯೊಂದರಲ್ಲಿ ಹಾಲು ಹಾಕದೆ ಮಾವಿನ ಜ್ಯೂಸ್ ಮಾಡಿಕೊಡಿ ಅಂತ ಎರಡೆರಡು ಸಲ ಹೇಳಿ ಕೊಡಿಸಿದೆ. ಅವರು ಹಾಲು ಹಾಕಿರಲಿಲ್ಲ, ನಿಜ. ಆದರೆ ಅದಕ್ಕೆ ಮುಂಚೆ ಅದೇ ಜಾರಿನಲ್ಲಿ ಮಿಲ್ಕ್‌ಶೇಕ್ ಮಾಡಿ, ಬರೀ ನೀರಲ್ಲಿ ಅಲುಗಾಡಿಸಿ ಚೆಲ್ಲಿದ್ದರು. ಅವನ ತುಟಿ ಮತ್ತೆ ಊದಿತು. ಆವತ್ತಿನಿಂದ ಹೊರಗಿನ ಜ್ಯೂಸ್ ಪೂರ್ತಿ ಬಂದ್.

ಇದೇ ತೊಂದರೆ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕೆಲವು ಕಪ್‌ಗಳ ಮೇಲೆ ಐಸ್‌ಕ್ರೀಮ್ ಅಂತ ಇರುವುದಿಲ್ಲ, ಫ್ರೋಜನ್ ಡೆಸರ್ಟ್ ಅಂತ ಇರುತ್ತದೆ. ಅಂದರೆ ಹಾಲಿನ ಕೊಬ್ಬಿನ ಬದಲು ಎಣ್ಣೆಯ ಕೊಬ್ಬು ಹಾಕಿದ್ದಾರೆ ಅಂತ ಅರ್ಥ. ಹಾಲೇ ಇಲ್ಲ ಅಂತ ಅಲ್ಲ. ಸಾಮಾನ್ಯವಾಗಿ ಅದರಲ್ಲಿ ಹಾಲಿನ ಪುಡಿ ಇದ್ದೇ ಇರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದದೆ ಕೊಡಿಸಬೇಡಿ.

ಮದುವೆಯಿಂದ ಬಂದ ರಾತ್ರಿ ಹಾಲಿಲ್ಲದ ಐಸ್‌ಕ್ರೀಮ್ ಏನಾದರೂ ಇದೆಯಾ ಅಂತ ಹುಡುಕುತ್ತಾ ಕೂತೆ. ಆಗ ಸಿಕ್ಕಿದ್ದು ಸಾರ್ಬೆ. ಹಣ್ಣು, ಸಕ್ಕರೆ, ನೀರು, ಅಷ್ಟೇ. ಹೆಸರು ಫ್ರಾನ್ಸಿನದು. ಆದರೆ ಅದು ಹುಟ್ಟಿದ್ದು ನಮ್ಮ ಶರಬತ್ತಿನ ವಂಶದಲ್ಲೇ. ಅರಬ್ಬಿಯ ಕುಡಿಯುವುದು ಅನ್ನುವ ಮಾತಿನಿಂದ ಬಂದ ಪದ ಪರ್ಷಿಯದ ಕಡೆಯಿಂದ ಇಲ್ಲಿಗೆ ಬಂದು ಶರಬತ್ತಾಯಿತು, ತುರ್ಕಿಯ ದಾರಿ ಹಿಡಿದು ಯುರೋಪಿಗೆ ಹೋದದ್ದು ಸಾರ್ಬೆ ಆಯಿತು. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಶರಬತ್ತು ಮಾಡುವ ಮನೆಯಿಂದ ಬಂದವಳು ನಾನು.

ಬೆಳಿಗ್ಗೆ ಅತ್ತೆಗೆ ಹೇಳಿದರೆ, "ಹಾಲಿಲ್ಲದ ಐಸ್‌ಕ್ರೀಮ್ ಅದೆಂಥದ್ದವ್ವಾ?" ಅಂದರು. ಆದರೂ ಮಾವಿನಹಣ್ಣು ತೊಳೆದು, ತೊಟ್ಟು ಕತ್ತರಿಸಿ, ಸೊನೆ ಇಳಿಯಲಿ ಅಂತ ನೀರಲ್ಲಿ ಮುಳುಗಿಸಿಟ್ಟವರು ಅವರೇ.

ಮೊದಲ ಸಲ ಮಾಡಿದ್ದು ಕಲ್ಲಾಯಿತು. ಮಕ್ಕಳಿಗೆ ಅಂತ ಸಕ್ಕರೆ ಕಡಿಮೆ ಹಾಕಿದ್ದೆ, ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಚಮಚ ಬಗ್ಗಿತೇ ಹೊರತು ಒಂದು ಚೂರೂ ಏಳಲಿಲ್ಲ. ಆಮೇಲೆ ಗೊತ್ತಾಯಿತು, ಇಲ್ಲಿ ಸಕ್ಕರೆಗೆ ಸಿಹಿ ಮಾಡುವುದಷ್ಟೇ ಕೆಲಸ ಅಲ್ಲ. ನೀರು ಪೂರ್ತಿ ಗಡ್ಡೆಯಾಗದ ಹಾಗೆ ತಡೆಯುವುದೂ ಅದೇ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ತಣ್ಣಗಾಗಬೇಕು. ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲೂ ಹರಳುಗಳ ನಡುವೆ ಸ್ವಲ್ಪ ಪಾಕ ಪಾಕವಾಗಿಯೇ ಉಳಿಯುತ್ತದೆ. ಚಮಚ ಇಳಿಯುವುದು ಅದರಿಂದಲೇ. ಹಣ್ಣಿನ ಸಕ್ಕರೆಯೂ ಸೇರಿ ಒಟ್ಟು ಮಿಶ್ರಣದಲ್ಲಿ ನೂರಕ್ಕೆ 25ರಿಂದ 30ರಷ್ಟು ಸಕ್ಕರೆ ಇದ್ದರೆ ಹದ. ಅದಕ್ಕಿಂತ ಕಮ್ಮಿಯಾದರೆ ಕಲ್ಲು, ಜಾಸ್ತಿಯಾದರೆ ಗಟ್ಟಿಯಾಗದ ಗೊಜ್ಜು. ಇನ್ನೊಂದು, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಹತ್ತುತ್ತದೆ. ಹಾಗಾಗಿ ಬೆರೆಸುವಾಗ ರುಚಿ ನೋಡಿದರೆ ಸಿಹಿ ಒಂದು ಕೈ ಮುಂದೆ ಅನ್ನಿಸಬೇಕು. ಸಕ್ಕರೆ ಜಾಸ್ತಿ ಅನ್ನುವ ಚಿಂತೆ ನನಗೂ ಇದೆ. ಅದಕ್ಕೇ ಸಣ್ಣ ಬಟ್ಟಲಲ್ಲಿ ಕೊಡುತ್ತೇನೆ. ಪಾಕ ಕಮ್ಮಿ ಮಾಡುವುದಿಲ್ಲ, ಬಟ್ಟಲು ಚಿಕ್ಕದು ಮಾಡುತ್ತೇನೆ.

ಈಗ ನಾನು ರಸಪುರಿ ಮಾವಿನಲ್ಲಿ ಮಾಡುವ ಲೆಕ್ಕ ಹೇಳುತ್ತೇನೆ. ಬಾದಾಮಿ ಹಣ್ಣಿನಲ್ಲಿ ನಾರು ಕಮ್ಮಿ, ನುಣ್ಣಗೆ ಬರುತ್ತದೆ. ಆದರೆ ರಸಪುರಿಯ ಘಮ ತಣ್ಣಗಾದ ಮೇಲೂ ಉಳಿಯುತ್ತದೆ ಅನ್ನುವುದು ನನ್ನ ಅನುಭವ. ಕಾರ್ಬೈಡ್ ಹಾಕಿ ಮಾಗಿಸುವುದನ್ನು ಸರ್ಕಾರ ನಿಷೇಧಿಸಿದೆ. ಆದರೂ ನಾನು ದೋರೆಗಾಯಿಯನ್ನೇ ತಂದು ಅಕ್ಕಿ ಡಬ್ಬದಲ್ಲಿ ಹುದುಗಿಸಿಡುತ್ತೇನೆ. ಮೂರು ನಾಲ್ಕು ದಿನಕ್ಕೆ ಅಡುಗೆಮನೆಯೇ ಹೇಳುತ್ತದೆ ಹಣ್ಣಾಯಿತು ಅಂತ. ಸಿಪ್ಪೆ, ವಾಟೆ ತೆಗೆದು ಹಿಂಡಿ, ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸಿದರೆ ಅರ್ಧ ಕೆಜಿ ರಸ ಬೇಕು. 120 ಗ್ರಾಂ ಸಕ್ಕರೆಯನ್ನು 100 ಎಂಎಲ್ ನೀರಲ್ಲಿ ಕರಗುವಷ್ಟೇ ಕಾಯಿಸಿ, ಪೂರ್ತಿ ಆರಿಸಿ. ಎಳೆ ಪಾಕ ಬೇಡ. ಎರಡನ್ನೂ ಸೇರಿಸಿ ಒಂದು ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಹಣ್ಣಿನ ರುಚಿ ಎದ್ದು ಬರುವುದು ಅದರಿಂದ.

ಸಾರ್ಬೆ ಮಾಡುವ ಮಷಿನ್ ನಮ್ಮಲ್ಲಿಲ್ಲ. ಈ ಮಿಶ್ರಣವನ್ನು ಐಸ್ ಟ್ರೇಗೆ ಸುರಿದು ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಹೊರಗೆ ತೆಗೆದು ಐದು ನಿಮಿಷ ಬಿಟ್ಟು, ಐದಾರು ತುಂಡು ಮಾತ್ರ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಬೇಕು. ಒಟ್ಟಿಗೆ ತುಂಬಿದರೆ ಮಿಕ್ಸಿ ನಿಂತು ಹೋಗುತ್ತದೆ. ಮೊದಲು ಸದ್ದು ಕಟಕಟ ಅಂತಿರುತ್ತದೆ, ರವೆಯ ಹಾಗೆ ಪುಡಿ ಕಾಣುತ್ತದೆ. ಇನ್ನೆರಡು ಸಲ ತಿರುಗಿಸಿದರೆ ಸದ್ದು ಮೆತ್ತಗಾಗಿ, ಪುಡಿ ಒಂದನ್ನೊಂದು ಹಿಡಿದುಕೊಂಡು, ಬಣ್ಣ ಒಂಚೂರು ತಿಳಿಯಾಗುತ್ತದೆ. ಗಾಳಿ ಸೇರಿದ್ದಕ್ಕೆ ಹಾಗೆ. ಅಲ್ಲಿಗೇ ನಿಲ್ಲಿಸಿ. ಸ್ಟೀಲ್ ಡಬ್ಬಿಗೆ ಹಾಕಿ ಒತ್ತಿ, ಮುಚ್ಚಳ ಹಾಕಿ ಇನ್ನೊಂದೂವರೆ ಗಂಟೆ ಫ್ರೀಜರ್.

ಕಲ್ಲಂಗಡಿಯಲ್ಲಿ ನೀರು ಜಾಸ್ತಿ, ತಿರುಳಿನ ಬಲ ಇಲ್ಲ, ಎಷ್ಟು ಮಾಡಿದರೂ ಹರಳು ಹರಳಾಗಿಯೇ ಬರುತ್ತದೆ. ಅದಕ್ಕೆ ಮಿಕ್ಸಿ ಬೇಡ, ಅಗಲ ತಟ್ಟೆಯಲ್ಲಿಟ್ಟು ಫೋರ್ಕ್‌ನಲ್ಲಿ ಕೆರೆದು ಕೊಟ್ಟರೆ ಆಯಿತು. ಮಗಳಿಗೆ ಅದೇ ಇಷ್ಟ. ಕಪ್ಪು ದ್ರಾಕ್ಷಿ ಚೆನ್ನಾಗಿ ಬರುತ್ತದೆ. ಅನಾನಸ್ ಒಂದೇ ಸಲ ಮಾಡಿದೆ, ಮಕ್ಕಳಿಗೆ ನಾಲಿಗೆ ಉರಿಯಿತು, ಬಿಟ್ಟೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆಯೇ ಕರೆಂಟ್ ಹೋಯಿತು. ಫ್ರೀಜರ್‌ನಲ್ಲಿದ್ದದ್ದೆಲ್ಲ ಮಧ್ಯಾಹ್ನಕ್ಕೆ ಸಾರಿನ ಹಾಗಾಗಿತ್ತು. ಕರೆಂಟ್ ಬಂದ ಮೇಲೆ ಹಾಗೇ ಗಟ್ಟಿಯಾಗಲು ಬಿಟ್ಟರೆ ದಪ್ಪ ಹರಳು ಕಟ್ಟುತ್ತದೆ. ನನ್ನ ಗಂಡ ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಐಸ್ ಗಡ್ಡೆ ತಂದರು. ಚೀಲದ ಮೇಲಿಂದಲೇ ಕುಟ್ಟಿ ಪುಡಿ ಮಾಡಿ, ಬಕೆಟ್‌ಗೆ ಮೂರು ಪಾಲು ಐಸ್, ಒಂದು ಪಾಲು ಹರಳುಪ್ಪು ಪದರ ಪದರವಾಗಿ ಹಾಕಿದೆವು. ಉಪ್ಪು ಬಿದ್ದ ಐಸ್ ಕರಗುತ್ತಾ ಇನ್ನೂ ತಣ್ಣಗಾಗುತ್ತದೆ, ಮೈನಸ್ ಹದಿನೈದರ ಆಸುಪಾಸು ಇಳಿಯುತ್ತದೆ. ಕರಗಿದ ಸಾರ್ಬೆಯನ್ನು ಉದ್ದನೆಯ ಸ್ಟೀಲ್ ಡಬ್ಬಿಗೆ ಸುರಿದು, ನಡುವೆ ಇಟ್ಟು ಮುಚ್ಚಳ ಬಿಗಿ ಮಾಡಿದೆವು. ಆ ಐಸ್ ತಿನ್ನುವುದಕ್ಕೆ ಅಲ್ಲ, ಅದರ ಒಂದು ಹನಿಯೂ ಒಳಗೆ ಹೋಗಬಾರದು.

ಡಬ್ಬಿ ತಿರುಗಿಸುವುದು ಮಕ್ಕಳ ಪಾಳಿ. ಅಕ್ಕಪಕ್ಕದ ಮನೆಯ ಮಕ್ಕಳೂ ಸೇರಿ ಆರು ಜನ, ಒಬ್ಬೊಬ್ಬರಿಗೆ ಐವತ್ತು ಸುತ್ತು. ಕೈಗೆ ಬಟ್ಟೆ ಸುತ್ತಿಕೊಳ್ಳದೆ ಮುಟ್ಟಬಾರದು ಅಂತ ಕಟ್ಟುನಿಟ್ಟು, ಅಷ್ಟು ತಣ್ಣಗಿರುವುದು ಚರ್ಮಕ್ಕೆ ಸುಟ್ಟ ಹಾಗೆಯೇ. ಹತ್ತು ನಿಮಿಷಕ್ಕೆ ಡಬ್ಬಿಯ ಹೊರಗೆ ಬಿಳಿ ಹಿಮ ಕಟ್ಟಿತು. ಮಗ ಅದರ ಮೇಲೆ ಉಗುರಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಗೀರಿದ. ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಮತ್ತೆ ಹಿಮ ತುಂಬಿ ಅಕ್ಷರ ಮಾಯ. ಮತ್ತೆ ಗೀರಿದ. ನಡುನಡುವೆ ನಾನು ಮುಚ್ಚಳ ಒರೆಸಿ ತೆಗೆದು, ಅಂಚಿಗೆ ಹಿಡಿದದ್ದನ್ನು ಮರದ ಸೌಟಿನಿಂದ ಕೆರೆದು ನಡುವಿಗೆ ತಳ್ಳುತ್ತಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ನುಣ್ಣಗೆ ಮಿಕ್ಸಿಯಲ್ಲಿ ನನಗೆ ಇವತ್ತಿನವರೆಗೂ ಬಂದಿಲ್ಲ. ಬಿಡದೆ ಆಡಿಸುತ್ತಿದ್ದರೆ ಹರಳು ದೊಡ್ಡದಾಗಲು ಪುರುಸೊತ್ತೇ ಸಿಗುವುದಿಲ್ಲ, ಅದೇ ಕಾರಣ.

ಆವತ್ತು ಬಟ್ಟಲು ಹಂಚಿದ್ದು ನನ್ನ ಮಗ. ಪಕ್ಕದ ಮನೆಯ ಹುಡುಗಿ, "ಇದು ನೀನು ತಿನ್ನಬಹುದಾ?" ಅಂತ ಕೇಳಿದಳು. ಎರಡು ವರ್ಷದಿಂದ ಅವನ ಜೊತೆ ಆಡುವ ಮಗು, ಅವಳಿಗೂ ಎಲ್ಲ ಗೊತ್ತು. "ಹೂಂ, ಎಲ್ಲರದ್ದೂ ಒಂದೇ" ಅಂದ. ಬೇರೆ ಡಬ್ಬಿ, ಬೇರೆ ಚಮಚ, ಇದು ನಿಂದು ಅದು ಅವರದ್ದು ಅಂತ ಹೇಳಿ ಹೇಳಿ ನಾನು ಎಷ್ಟು ದಣಿದಿದ್ದೆ ಅಂತ ನನಗೆ ತಿಳಿದದ್ದು ಆಗಲೇ. ಒಳಗೆ ಹೋಗಿ ಎರಡು ನಿಮಿಷ ನಿಂತು ಬಂದೆ.

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಅಲ್ಲಿ ಬೇಸಿಗೆ ಅಂದರೆ ಮುರುಗಲು. ಕರಾವಳಿಯವರು ಪುನರ್ಪುಳಿ ಅನ್ನುವ ಹಣ್ಣು. ಹಣ್ಣಾದ ಮುರುಗಲನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಭರಣಿಯಲ್ಲಿ ಜೋಡಿಸಿ ಬಿಸಿಲಿಗೆ ಇಡುವುದು. ವಾರ ಹತ್ತು ದಿನದಲ್ಲಿ ಕಡುಗೆಂಪು ರಸ ಇಳಿದಿರುತ್ತದೆ. "ಒಲೆ ಬೇಡ, ನೀರು ಬೇಡ, ಮತ್ತೆಂತ ಬೇಡ. ಬಿಸಿಲು ಮಾಡ್ತದೆ" ಅನ್ನುತ್ತಾಳೆ ಅಮ್ಮ. ಮೊಮ್ಮಗ ತಿನ್ನುವಂಥದ್ದು ಅಂತ ಗೊತ್ತಾದ ಮೇಲೆ ಈ ಸಲ ಎರಡು ಬಾಟಲಿ ಕಳಿಸಿದ್ದಾಳೆ. ಬಸ್ಸಿನಲ್ಲಿ ಬರುವಾಗ ಒಂದರ ಮುಚ್ಚಳ ಸಡಿಲವಾಗಿ ಚೀಲವೆಲ್ಲ ಕೆಂಪಾಗಿತ್ತು. ಇನ್ನೊಂದು ಪೂರ್ತಿ ಇದೆ.

ಶರಬತ್ತು ಮಾಡುವಾಗ ಒಂದು ಲೋಟ ರಸಕ್ಕೆ ಐದಾರು ಲೋಟ ನೀರು ಹಾಕುತ್ತೇವೆ. ಸಾರ್ಬೆಗೆ ಒಂದೂವರೆ ಲೋಟ ಸಾಕು, ಬೇರೆ ಸಕ್ಕರೆ ಬೇಡವೇ ಬೇಡ. ಒಂದು ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ ಕಾಲು ಚಮಚ. ನೆತ್ತಿ ಜುಮ್ಮೆನ್ನುವ ಹುಳಿ. ಅತ್ತೆಗೆ ಮಾವಿನದ್ದಕ್ಕಿಂತ ಇದೇ ಹಿಡಿಸಿದೆ. ಮಧ್ಯಾಹ್ನ ಮಲಗಿ ಎದ್ದವರೇ, "ಆ ಕೆಂಪುಂದು ಐತೇನವ್ವಾ?" ಅಂತ ಕೇಳುತ್ತಾರೆ.

ಮುಂದಿನ ವಾರ ಮಗನಿಗೆ ಏಳು ತುಂಬುತ್ತದೆ. ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ರಸಪುರಿ ಅಕ್ಕಿ ಡಬ್ಬದಲ್ಲಿದೆ, ನಿನ್ನೆ ಮೂಸಿ ನೋಡಿದೆ, ಇನ್ನೆರಡು ದಿನ ಬೇಕು. ಹರಳುಪ್ಪು ತಂದಿಟ್ಟಿದ್ದೇನೆ. ಬಕೆಟ್ ಇನ್ನೊಂದು ಬೇಕಾಗಬಹುದು ಅಂತ ಅವನೇ ಎದುರು ಮನೆಗೆ ಹೋಗಿ ಹೇಳಿ ಬಂದಿದ್ದಾನೆ.