ಒಂದು ಲ್ಯಾಪ್‌ಟಾಪ್, ಎರಡು ಮಾನಿಟರ್, ಮೂರು ವಾರ

ಮೊದಲ ಶನಿವಾರ

ನನ್ನದು ಅನುವಾದದ ಕೆಲಸ. ಒಂದು ಕಡೆ ಇಂಗ್ಲಿಷ್ ಮೂಲ, ಇನ್ನೊಂದು ಕಡೆ ಕನ್ನಡ, ನಡುವೆ ನಿಘಂಟು. 13 ಇಂಚಿನ ಪರದೆಯಲ್ಲಿ ಇಷ್ಟನ್ನೂ ತುರುಕಿ ತುರುಕಿ ಸಾಕಾಗಿದೆ. ಮನೆಯಲ್ಲಿ 24 ಇಂಚಿನ ಮಾನಿಟರ್ ಒಂದಿದೆ. ಭಾವ ಅಂಗಡಿ ಖಾಲಿ ಮಾಡುವಾಗ ಕೊಟ್ಟ 19 ಇಂಚಿನ ಹಳೇದೊಂದು ಅಟ್ಟದ ಮೇಲಿತ್ತು. ಅದನ್ನೂ ಇಳಿಸಿ ಒರೆಸಿದೆ.

ಲ್ಯಾಪ್‌ಟಾಪ್ 2020ರ ಮ್ಯಾಕ್‌ಬುಕ್ ಏರ್, ಎಂ1 ಚಿಪ್ಪಿನದು. ಇರುವುದೇ ಎರಡು ಯುಎಸ್‌ಬಿ-ಸಿ ಪೋರ್ಟ್, ಅದರಲ್ಲೊಂದು ಚಾರ್ಜರ್‌ಗೆ ಹೋಗುತ್ತದೆ. ಅದಕ್ಕೇ ಡಾಕ್ ತಂದೆ, ಅಂದರೆ ಒಂದು ಪೋರ್ಟನ್ನು ಹಲವು ಮಾಡಿಕೊಡುವ ಡಬ್ಬಿ. ಇದರಲ್ಲಿ ಮಾನಿಟರ್ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ ಎರಡಿವೆ. ಹಳೇ ಮಾನಿಟರ್‌ನಲ್ಲಿ ಬರೀ ವಿಜಿಎ, ಅಂದರೆ ಹಳೇ ಕಾಲದ ಮಾನಿಟರ್ ಕಿಂಡಿ. ಕನ್ವರ್ಟರ್ ಕೊಂಡೆ, ಚಿತ್ರ ಬರಲಿಲ್ಲ. ಆಮೇಲೆ ನೋಡಿದರೆ ಅದು ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು, ನನಗೆ ಬೇಕಿದ್ದದ್ದು ಉಲ್ಟಾ. ನೋಡಲು ಎರಡೂ ಒಂದೇ ಥರ, ಆದರೆ ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತವೆ.

ಭಾನುವಾರ

ಸರಿಯಾದ ಕನ್ವರ್ಟರ್ ಹಾಕಿದೆ. ಎರಡೂ ಮಾನಿಟರ್ ಹತ್ತಿಕೊಂಡವು, ಆದರೆ ಎರಡರಲ್ಲೂ ಒಂದೇ ಚಿತ್ರ! ಕೇಬಲ್ ಅದಲು ಬದಲು ಮಾಡಿದೆ. ಲ್ಯಾಪ್‌ಟಾಪ್ ಮುಚ್ಚಿಯೂ ನೋಡಿದೆ. ಊಹೂಂ. ತಂಗಿಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಅದೇ ಡಾಕ್ ಚುಚ್ಚಿದರೆ ಎರಡು ಬೇರೆ ಬೇರೆ ಪರದೆ ಬಂದವು.

ವಿಷಯ ಏನೆಂದರೆ, ಈ ಡಾಕ್ ಎಂಎಸ್‌ಟಿ ಎನ್ನುವ ವಿಧಾನದಲ್ಲಿ ಪರದೆಗೆ ಚಿತ್ರ ಕಳಿಸುವ ಒಂದೇ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಒಳಗೆ ಎರಡು ಚಿತ್ರ ಸಾಗಿಸುತ್ತದೆ. ವಿಂಡೋಸ್‌ಗೆ ಅದು ಗೊತ್ತಾಗುತ್ತದೆ. ಮ್ಯಾಕ್‌ಓಎಸ್ ಅವನ್ನು ಬೇರೆ ಬೇರೆ ಪರದೆಯಾಗಿ ಬಳಸುವುದಿಲ್ಲ. ಅದೂ ಅಲ್ಲದೆ ಎಂ1 ಏರ್‌ಗೆ ಹೊರಗಿನ ಪರದೆ ಒಂದೇ ಅಂತ ಆಪಲ್‌ನ ವಿವರಪಟ್ಟಿಯಲ್ಲೇ ಇದೆ. ಓದದೆ ಹೋದವನು ನಾನು. ಡಾಕ್‌ನಲ್ಲಿ ಎಷ್ಟು ತೂತಿದೆ ಅಂತ ಎಣಿಸಿದೆನೇ ಹೊರತು ಚಿಪ್ ಎಷ್ಟು ಪರದೆ ಎಳೆಯುತ್ತದೆ ಅಂತ ಕೇಳಲೇ ಇಲ್ಲ. 2024ರ ಎಂ3 ಏರ್ ಆದರೆ ಮುಚ್ಚಳ ಮುಚ್ಚಿದಾಗ ಎರಡು ಕೊಡುತ್ತದೆ, 2025ರ ಎಂ4 ತೆರೆದಿದ್ದಾಗಲೂ ಕೊಡುತ್ತದೆ. ಅದಕ್ಕೋಸ್ಕರ ಹೊಸದು ಕೊಳ್ಳುವಷ್ಟು ಅನುವಾದದಲ್ಲಿ ಹುಟ್ಟುವುದಿಲ್ಲ ಬಿಡಿ.

ಎರಡನೇ ವಾರ

ಎರಡನೇ ಮಾನಿಟರ್‌ಗೆಂದು ತರಿಸಿದ ಡಿಸ್‌ಪ್ಲೇಲಿಂಕ್ ಅಡಾಪ್ಟರ್ ಬಂತು. ಇದರ ದಾರಿಯೇ ಬೇರೆ. ಸಾಫ್ಟ್‌ವೇರ್ ಪರದೆಯ ಚಿತ್ರವನ್ನು ಹಿಡಿದು, ಕುಗ್ಗಿಸಿ, ಫೈಲ್ ಕಳಿಸಿದ ಹಾಗೆ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಅಡಾಪ್ಟರ್ ಒಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರ್‌ಗೆ ಕೊಡುತ್ತದೆ. ಹಾಗಾಗಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೇಳುತ್ತದೆ. ನಾನು ಮೊದಲು ಗಾಬರಿಯಾಗಿ ಬೇಡ ಅಂದೆ, ಪರದೆ ಕಪ್ಪಾಗಿಯೇ ಉಳಿಯಿತು.

ಅನುಮತಿ ಕೊಟ್ಟ ಮೇಲೆ ಮೂರೂ ಪರದೆ ಬೇರೆ ಬೇರೆ! ಹಳೇದರಲ್ಲಿ ಚಿತ್ರ ಒಂದು ಬೆರಳಷ್ಟು ಎಡಕ್ಕೆ ಸರಿದಿತ್ತು. ಅರ್ಧ ಗಂಟೆ ಸೆಟ್ಟಿಂಗ್ಸ್ ಕೆದಕಿದೆ. ಕೊನೆಗೆ ಮಾನಿಟರ್‌ನದೇ ‘ಆಟೋ’ ಗುಂಡಿ ಒತ್ತಿದರೆ ತಾನಾಗಿ ಜಾಗಕ್ಕೆ ಬಂತು. ವಿಜಿಎ ಕಾಲದ ಗುಂಡಿ, ನಾನು ಮರೆತೇಬಿಟ್ಟಿದ್ದೆ.

ಅಕ್ಷರ ಓದಲು ಏನೂ ತೊಂದರೆಯಿಲ್ಲ. ಜೋರಾಗಿ ಸ್ಕ್ರೋಲ್ ಮಾಡಿದರೆ ಸ್ವಲ್ಪ ತಡವರಿಸುತ್ತದೆ. ಕಾಪಿ ರಕ್ಷಣೆ ಇರುವ ಸಿನಿಮಾ ಹಾಕಿದರೆ ಬರೀ ಕತ್ತಲು. ಪ್ರೊಸೆಸರ್‌ಗೆ ಜಾಸ್ತಿ ಕೆಲಸ, ಈ ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಬೇರೆ ಇಲ್ಲ. ಸಂಜೆ ಹೊತ್ತಿಗೆ ತಳ ಬೆಚ್ಚಗಾಗುತ್ತದೆ.

ಮೂರನೇ ವಾರ

ಮೌಸ್ ಬಾಣ ಒಂದು ಮಾನಿಟರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ದೊಡ್ಡದು 1920×1080, ಹಳೇದು 1280×1024. ಎತ್ತರದಲ್ಲಿ 56 ಪಿಕ್ಸೆಲ್ ವ್ಯತ್ಯಾಸ, ಅಷ್ಟು ಜಾಗದಲ್ಲಿ ಗೋಡೆ ಇದ್ದಂತೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಚೌಕಗಳನ್ನು ಎಳೆದು ತಳ ಸಮ ಮಾಡಿದೆ. ಈಗ ಮೇಲಿನ ಮೂಲೆಯಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ.

ಮೇಜಿನ ಮೇಲೂ ಎತ್ತರ ಸರಿ ಬರಬೇಕಲ್ವಾ? ಹಳೇ ಮಾನಿಟರ್ ಕೆಳಗೆ ಎರಡು ದಪ್ಪ ನಿಘಂಟು ಇಟ್ಟಿದ್ದೆ. ‘ಪುಸ್ತಕ ಅಂದ್ರೆ ಸರಸ್ವತಿ ಕಣೋ, ಅದ್ರ ಮೇಲೆ ಇದನ್ನ ಇಡ್ತೀಯಾ?’ ಅಂತ ಅಮ್ಮ ಬೈದು, ಅಡುಗೆಮನೆಯಿಂದ ಒಂದು ಮಣೆ ತಂದುಕೊಟ್ಟರು. ಅಳತೆ ಮಾಡಿಸಿದ ಹಾಗೆ ಕೂತಿತು.

ಇನ್ನೂ ಬಗೆಹರಿಯದ್ದು ಒಂದಿದೆ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಕಿಟಕಿಗಳೆಲ್ಲ ಒಂದೇ ಮಾನಿಟರ್‌ಗೆ ಹೋಗಿ ರಾಶಿ ಬೀಳುತ್ತವೆ. ಮಣೆ ಗೌರಿ ಹಬ್ಬಕ್ಕೆ ವಾಪಸ್ ಬೇಕಂತೆ. ಅಷ್ಟರೊಳಗೆ ಅದೇ ಎತ್ತರದ ಮರದ ತುಂಡು ಹುಡುಕಬೇಕು.