ನಂ. 4 ಲೀ-ಎನ್‌ಫೀಲ್ಡ್‌ಗೆ ಅಲುಗದ ಸ್ಕೋಪ್ ಮೌಂಟ್: ಇಲ್ಲಿಯವರೆಗಿನ ಕೆಲಸ

ಹಳೆಯ ಸೇನಾ ರೈಫಲ್‌ಗೆ ಸ್ಕೋಪ್ (ಗುರಿಯಿಡುವ ದುರ್ಬೀನು) ಕೂರಿಸುವ ಕೆಲಸ ಈಗ ಒಂದು ಘಟ್ಟ ಮುಟ್ಟಿದೆ. ನನ್ನಲ್ಲಿರುವುದು ‘ತ್ರೀ ನಾಟ್ ತ್ರೀ’ ಎಂದೇ ಎಲ್ಲರಿಗೂ ಗೊತ್ತಿರುವ ವಂಶದ ಲೀ-ಎನ್‌ಫೀಲ್ಡ್ ನಂ. 4 ಮಾರ್ಕ್ 1. ರಿಸೀವರಿನ (ನಳಿಗೆಯ ಹಿಂದಿನ ಉಕ್ಕಿನ ಒಡಲು) ಮೇಲಿನ ಸಂಖ್ಯೆಯೂ ಗುಂಡು ತುಂಬಲು ಹಿಂದೆಮುಂದೆ ಸರಿಸುವ ಬೋಲ್ಟಿನ ಹಿಡಿಯ ಹಿಂಬದಿಯ ಸಂಖ್ಯೆಯೂ ಇದರಲ್ಲಿ ಇನ್ನೂ ಒಂದೇ ಆಗಿವೆ. ಇಷ್ಟು ವರ್ಷ ಜೊತೆಯಾಗಿ ಉಳಿದು ಬಂದಿರುವ ಈ ಉಕ್ಕಿನಲ್ಲಿ ಹೊಸದಾಗಿ ಒಂದು ತೂತನ್ನೂ ಕೊರೆಯಬಾರದೆಂಬುದು ಮೊದಲ ದಿನವೇ ನಾನು ಹಾಕಿಕೊಂಡ ಕಟ್ಟುಪಾಡು. ಸ್ಕೋಪನ್ನು ರೈಫಲ್ಲಿಗೆ ಹಿಡಿಸುವ ಮೌಂಟಿನ ಆಯ್ಕೆಯೆಲ್ಲವೂ ಅದರಿಂದಲೇ ಕಠಿಣವಾಯಿತು.

ಸೇನೆ ಈ ಸಮಸ್ಯೆಯನ್ನು ಬಗೆಹರಿಸಿದ್ದ ರೀತಿಯನ್ನು ಮೊದಲು ಗಮನಿಸಿದೆ. 1942ರಿಂದ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಆಯ್ದ ನಂ. 4 ರೈಫಲ್‌ಗಳನ್ನು ಸ್ನೈಪರ್ ರೂಪಕ್ಕೆ ಮಾರ್ಪಡಿಸುತ್ತಿತ್ತು. ರಿಸೀವರಿನ ಎಡಗೋಡೆಗೆ ಹಿಂದೊಂದು ಮುಂದೊಂದು ಉಕ್ಕಿನ ಪ್ಯಾಡ್ ಕೂರಿಸಿ, ಕೈಯಲ್ಲೇ ತಿರುಗಿಸಬಹುದಾದ ಎರಡು ಸ್ಕ್ರೂಗಳಿಂದ ಬ್ರಾಕೆಟ್ಟನ್ನು ಅದಕ್ಕೆ ಬಿಗಿಯುತ್ತಿದ್ದರು. ಅದರಲ್ಲಿ ಕೂರುತ್ತಿದ್ದುದು ಮೂರು ಪಟ್ಟು ದೊಡ್ಡದಾಗಿ ತೋರಿಸುವ ನಂ. 32 ಸ್ಕೋಪ್, ಅದನ್ನು ಮೂಲತಃ ಬ್ರೆನ್ ಎಂಬ ಹಗುರ ಮೆಷಿನ್ ಗನ್ನಿಗೆಂದು ರೂಪಿಸಲಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಕೋಪ್ ಅಲ್ಲ, ಬ್ರಾಕೆಟ್. ಪ್ರತಿ ಬ್ರಾಕೆಟ್ಟನ್ನೂ ಆಯಾ ರೈಫಲ್ಲಿಗೆ ಹೊಂದಿಸಿ, ಅದರ ಸಂಖ್ಯೆಯನ್ನು ಬ್ರಾಕೆಟ್ಟಿನ ಮೇಲೆ ಒತ್ತುತ್ತಿದ್ದರು. ಒಂದರ ಬ್ರಾಕೆಟ್ ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆಂಬ ಭರವಸೆ ಅವರಿಗೂ ಇರಲಿಲ್ಲ. ಇದೇ ಮಾದರಿಯ ಪ್ರತಿಕೃತಿಗಳು ಇಂದು ಸಿಗುತ್ತವೆಯಾದರೂ, ಅವುಗಳ ಪ್ಯಾಡ್‌ಗಳಿಗೆ ರಿಸೀವರನ್ನು ಕೊರೆಯಲೇಬೇಕು. ಹಾಗಾಗಿ ಆ ದಾರಿಯನ್ನು ಕೈಬಿಟ್ಟೆ.

ಕೊರೆಯದೆ ಕೂರಿಸುವ ಮೌಂಟುಗಳಲ್ಲಿ ಮೊದಲು ತಂದದ್ದು ಅಲ್ಯೂಮಿನಿಯಮಿನದು. ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಹಿಂಬದಿಯ ಅಪರ್ಚರ್ ಸೈಟನ್ನು ಬಿಚ್ಚಿ, ಅದರ ಪಿನ್ ಇದ್ದ ತೂತಿನಲ್ಲೇ ಹೊಸ ಪಿನ್ ತೂರಿಸಿ ಮೌಂಟಿನ ಹಿಂಭಾಗವನ್ನು ಹಿಡಿಸಬೇಕು. ಮುಂಭಾಗ ರಿಸೀವರಿನ ದುಂಡನೆಯ ಭಾಗದ ಮೇಲೆ ಕೂರುತ್ತದೆ. ಕೈಯಿಂದ ಅಲುಗಾಡಿಸಿ ನೋಡಿದರೆ ಬಂಡೆಯಂತೆ ನಿಂತಿತ್ತು. ಆದರೆ 100 ಮೀಟರಿನಲ್ಲಿ ಮೊದಲ ಐದು ಗುಂಡುಗಳು ಒಂದೆಡೆ ಬಿದ್ದರೆ, ನಂತರದ ಐದು ಮೆಲ್ಲಮೆಲ್ಲನೆ ಮೇಲೇರುತ್ತ ಹೋಗಿ, ಕಡೆಯದು ಸುಮಾರು 12 ಸೆಂಟಿಮೀಟರ್ ಮೇಲೆ ಬಿತ್ತು. ಅಪರ್ಚರ್ ಸೈಟಿನಲ್ಲಿ ಇದೇ ರೈಫಲ್ ಹೀಗೆ ಅಲೆದಾಡಿದ್ದಿಲ್ಲವಾದ್ದರಿಂದ ನಳಿಗೆಯ ಮೇಲೆ ಅನುಮಾನ ಬರಲಿಲ್ಲ. ಈ ಹೋಲಿಕೆಗೆ ಆಧಾರವಿರಲೆಂದೇ, ಸ್ಕೋಪ್ ಕೂರಿಸುವ ಮುನ್ನ ಮೂಲ ಸೈಟಿನಲ್ಲಿ ಕೆಲವು ಗ್ರೂಪ್‌ಗಳನ್ನು (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಹೊಡೆದು ಕಾಗದವನ್ನು ಎತ್ತಿಡಬೇಕೆಂದು ಒತ್ತಿ ಹೇಳುತ್ತೇನೆ.

ಆಮೇಲೆ ಲೆಕ್ಕ ಹಾಕಿದೆ. ಮೌಂಟಿನ ಎರಡು ಹಿಡಿತಗಳ ನಡುವಿನ ಅಂತರ 120 ಮಿಲಿಮೀಟರ್. ಹಿಂಬದಿಯ ತುದಿ 0.15 ಮಿಲಿಮೀಟರ್ ಎದ್ದರೆ ಸ್ಕೋಪಿನ ನೋಟ ಅಷ್ಟು ಕೆಳಕ್ಕೆ ವಾಲುತ್ತದೆ. ಆ ನೋಟವನ್ನು ಗುರಿಯ ಮೇಲೆ ತರಲು ನಳಿಗೆಯನ್ನು ಎತ್ತಬೇಕಾಗುವುದರಿಂದ 100 ಮೀಟರಿನಲ್ಲಿ ಗುಂಡು 12.5 ಸೆಂಟಿಮೀಟರ್ ಮೇಲೆ ಬೀಳುತ್ತದೆ. ಸಂದುಗಳನ್ನು ಅಳೆಯುವ ಫೀಲರ್ ಗೇಜ್ ತೆಗೆದುಕೊಂಡು ಪಿನ್ನಿನ ಪಕ್ಕದಲ್ಲಿ ಅದರ ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಿದೆ. 0.10 ಸಲೀಸಾಗಿ ಒಳಹೋಯಿತು. 0.15 ತುಸು ಉಜ್ಜಿಕೊಂಡು ಹೋಯಿತು. 0.20 ಹೋಗಲೇ ಇಲ್ಲ. ಗುರಿಕಾಗದ ಹೇಳಿದ್ದನ್ನೇ ಒಂದು ತೆಳ್ಳನೆಯ ಉಕ್ಕಿನ ಎಲೆಯೂ ಹೇಳಿದಾಗ ಆದ ಸಂತೋಷ ದೊಡ್ಡದು.

ಸ್ಕ್ರೂಗಳನ್ನು ಇನ್ನಷ್ಟು ಬಿಗಿಯುವುದು ಇದಕ್ಕೆ ಪರಿಹಾರವಲ್ಲ. ಗುಂಡು ಹಾರಿದಾಗ ರೈಫಲ್ ಸೆಕೆಂಡಿಗೆ 2 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹಿಂದಕ್ಕೆ ಜಿಗಿಯುತ್ತದೆ. ಸ್ಕೋಪ್ ಮಾತ್ರ ತನ್ನ ತೂಕದಿಂದ ಇದ್ದಲ್ಲೇ ಇರಲು ನೋಡುತ್ತದೆ. ಈ ಎಳೆದಾಟವನ್ನು ತಡೆಯಬೇಕಾದದ್ದು ಲೋಹಕ್ಕೆ ಲೋಹ ಪೂರ್ತಿ ತಾಗಿ ಕೂತ ಮೈ. ಆ ಹೊಂದಾಣಿಕೆಯಿಲ್ಲದೆ ಬಿಗಿದರೆ ಮೌಂಟ್ ಬಿಲ್ಲಿನಂತೆ ಬಾಗಿ, ಪ್ರತಿ ಹೊಡೆತಕ್ಕೂ ಒಂದಿಷ್ಟು ಸಡಿಲಿಸಿಕೊಳ್ಳುತ್ತದೆ. ನನ್ನ ಗುಂಡುಗಳು ಒಮ್ಮೆಲೇ ಹಾರದೆ ಮೆಟ್ಟಿಲು ಹತ್ತಿದಂತೆ ಏರಿದ್ದಕ್ಕೆ ಇದೇ ಕಾರಣವೆಂದು ನಂಬಿದ್ದೇನೆ.

ಎರಡನೆಯದಾಗಿ ತಂದದ್ದು ಅದೇ ಬಗೆಯ, ಆದರೆ ಉಕ್ಕಿನ ಮೌಂಟ್. ಅದನ್ನು ನೇರವಾಗಿ ಬಿಗಿಯದೆ, ಫಿಟ್ಟರುಗಳು ಬಳಸುವ ನೀಲಿ ಲೇಪವನ್ನು ರಿಸೀವರಿಗೆ ತೆಳ್ಳಗೆ ಸವರಿ, ಮೌಂಟನ್ನು ಇಟ್ಟು ಎತ್ತಿದೆ. ಅದರ ಅಡಿಯಲ್ಲಿ ನೀಲಿ ಹತ್ತಿದ್ದು ಮುಂಭಾಗದ ಎಡ ಮೂಲೆಯಲ್ಲಿ ಮಾತ್ರ, ಉಗುರಿನ ಅಂಚಿನಷ್ಟು ಅಗಲದ ಒಂದು ಅರ್ಧಚಂದ್ರ. ಉಳಿದೆಡೆ ಹೊಳೆಯುವ ಉಕ್ಕು ಹಾಗೇ ಇತ್ತು. ಮೂರು ಸಂಜೆ ಕೂತು, ನೀಲಿ ಹತ್ತಿದ ಕಡೆ ನಯವಾದ ಅರದಿಂದ ಒಂದೆರಡು ಸಲ ಎಳೆದು, ಒರೆಸಿ, ಮತ್ತೆ ಇಟ್ಟು ನೋಡುತ್ತ ಹೋದೆ. ಅರ ಮುಟ್ಟಿದ್ದು ಮೌಂಟನ್ನು ಮಾತ್ರ. ರಿಸೀವರಿಗೆ ತಾಗಿದ್ದು ಬಟ್ಟೆಯೊಂದೇ. ಮೂರನೆಯ ಸಂಜೆಯ ಹೊತ್ತಿಗೆ ನೀಲಿ ಎರಡೂ ಬದಿಗೆ ಸಮವಾಗಿ ಹರಡಿತು. ಪಿನ್ನನ್ನು ಲೇತ್ ಕೆಲಸ ಬಲ್ಲ ಗೆಳೆಯರೊಬ್ಬರು ತೂತಿನ ಅಳತೆಗೆ ಹೊಸದಾಗಿ ಕಡೆದುಕೊಟ್ಟರು. ಈಗ ಅದು ಹೆಬ್ಬೆರಳಿನ ಒತ್ತಡಕ್ಕೆ ಮಾತ್ರ ಒಳಹೋಗುತ್ತದೆ, 0.05ರ ಎಲೆಯೂ ಪಕ್ಕದಲ್ಲಿ ನುಸುಳುವುದಿಲ್ಲ.

ಸ್ಕ್ರೂಗಳ ಎಣ್ಣೆಯನ್ನು ಅಸಿಟೋನಿನಿಂದ ತೊಳೆದು, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಮಧ್ಯಮ ಹಿಡಿತದ ನೀಲಿ ಥ್ರೆಡ್‌ಲಾಕರ್ ಹಚ್ಚಿ, ಸ್ಕೋಪನ್ನು ಸುತ್ತಿ ಹಿಡಿಯುವ ರಿಂಗಿನ ಸ್ಕ್ರೂಗಳನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ 2 ನ್ಯೂಟನ್ ಮೀಟರಿಗೆ ಬಿಗಿದೆ. ಪ್ರತಿ ಸ್ಕ್ರೂವಿನ ತಲೆಯಿಂದ ಮೌಂಟಿನವರೆಗೆ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದಿದ್ದೇನೆ; ಸ್ಕ್ರೂ ತಿರುಗಿದರೆ ಗೆರೆ ಮುರಿದು ತೋರಿಸುತ್ತದೆ.

ಇಲ್ಲಿಯವರೆಗೆ ನಲವತ್ತು ಗುಂಡು ಹೊಡೆದಿದ್ದೇನೆ. ಬಿಳಿ ಗೆರೆಗಳು ಮುರಿದಿಲ್ಲ. ಮೊದಲ ಐದು ಗುಂಡುಗಳ ಕೇಂದ್ರಕ್ಕೂ ಕಡೆಯ ಐದರ ಕೇಂದ್ರಕ್ಕೂ 2 ಸೆಂಟಿಮೀಟರಿನ ಅಂತರವಿದೆ. ಅದು ನನ್ನ ಭುಜದ್ದೋ ಮೌಂಟಿನದೋ ಎಂದು ಬೇರ್ಪಡಿಸಲು ಇಷ್ಟು ಗುಂಡು ಸಾಲದು. ಸ್ಕೋಪ್ ಮೂಲ ಸೈಟಿಗಿಂತ ಎತ್ತರದಲ್ಲಿರುವುದರಿಂದ ಕೆನ್ನೆ ರೈಫಲ್ಲಿನ ಮರದ ಹಿಡಿಯ ಮೇಲೆ ನೆಲೆಯೂರದೆ ತೇಲುತ್ತಿದೆ. ಸ್ನೈಪರ್ ರೂಪದ ನಂ. 4ರ ಹಿಡಿಗೆ ಮರದ ಕೆನ್ನೆಯಾಸರೆ ಹಾಕಿದ್ದೇಕೆಂದು ಈಗ ಕುತ್ತಿಗೆ ನೋವಿನಿಂದಲೇ ಅರಿವಾಗಿದೆ. ಹಿಡಿಯನ್ನೂ ಕೊರೆಯುವಂತಿಲ್ಲವಾದ್ದರಿಂದ, ಚರ್ಮದ ಪಟ್ಟಿಯಿಂದ ಬಿಗಿಯುವ ಆಸರೆಯೊಂದನ್ನು ಹೊಲಿಯಲು ಅಳತೆ ತೆಗೆದಿಟ್ಟಿದ್ದೇನೆ. ಅದು ಸಿದ್ಧವಾದ ಮೇಲೆ ಮೌಂಟನ್ನು ಪೂರ್ತಿ ಬಿಚ್ಚಿ, ಮತ್ತೆ ಅದೇ ಟಾರ್ಕಿಗೆ ಕೂರಿಸಿ, ಗುಂಡು ಮೊದಲಿನ ಜಾಗಕ್ಕೇ ಬೀಳುತ್ತದೆಯೇ ಎಂದು ನೋಡಬೇಕು.